ಮಾವನ ಅರ್ಧ ಡ್ರೈವಿಂಗು

ನಮ್ಮ ಮಾವನಿಗೆ ಜೀಪು ಓಡಿಸುವುದಕ್ಕೆ ಬರುತ್ತದೆ ಎಂದು ಯಾರಾದರೂ ನಿಮಗೆ ಹೇಳಿದರೆ ದಯವಿಟ್ಟು ಅರ್ಧ ಮಾತ್ರ ನಂಬಿ. ಉಳಿದರ್ಧ ನಮ್ಮ ಅತ್ತೆಗೆ ಬರುತ್ತದೆ! ಗಂಡ ಹೆಂಡತಿ ಸರತಿಯ ಮೇಲೆ ಗಾಡಿ ಓಡಿಸುವ ಹೊಸ ಕಾಲದ ಸಂಸಾರ ಎಂದುಕೊಂಡಿರೋ, ತಪ್ಪು. ಒಂದೇ ಜೀಪನ್ನು, ಒಂದೇ ಹೊತ್ತಿನಲ್ಲಿ, ಇಬ್ಬರೂ ಸೇರಿ ಓಡಿಸುತ್ತಾರೆ. ಸ್ಟೀರಿಂಗು, ಕ್ಲಚ್ಚು, ಬ್ರೇಕು, ದೊಡ್ಡ ಗೇರು ಮಾವನದು. ಚಿಕ್ಕ ಗೇರು ಅತ್ತೆಯದು. ಹಾರನ್ನು ಕೆಟ್ಟು ಕಾಲವಾಗಿದೆ, ಆ ಕೆಲಸವನ್ನು ಇಬ್ಬರೂ ಹಂಚಿಕೊಂಡು ಬಾಯಲ್ಲೇ ಮಾಡುತ್ತಾರೆ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಅವಳ ಗಂಡನೇ ಈ ಮಾವ. ಅವರ ಮನೆ ಕೋಡಿಹಳ್ಳಿಯಿಂದಾಚೆ. ಊರೆಲ್ಲ ಮುಗಿದ ಮೇಲೆ ಒಂದು ದಿಣ್ಣೆ, ದಿಣ್ಣೆಯ ಮೇಲೆ ಹಿಪ್ಪುನೇರಳೆ ತೋಟ, ತೋಟದ ನಡುವೆ ಮನೆ. ಮೇಲಕ್ಕೆ ಹೋಗುವ ದಾರಿ ಕೆಮ್ಮಣ್ಣಿನದು. ಬೇಸಿಗೆಯಲ್ಲಿ ಧೂಳು, ನಾಲ್ಕು ಹನಿ ಬಿದ್ದರೆ ಎಣ್ಣೆ ಸವರಿದ ಹಾಗೆ ಜಾರುತ್ತದೆ. ಅಲ್ಲಿಗೆ ಆಟೋ ಹತ್ತದು, ಕಾರು ಹತ್ತದು. ಹತ್ತುವುದು ಮೇಕೆ ಮತ್ತು ಮಾವನ ಜೀಪು ಮಾತ್ರ.

ಆ ಜೀಪಿನ ಗುಟ್ಟನ್ನು ಒಸಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಗಳೇ ಅದನ್ನು ದೂಡುತ್ತವೆ, ಮುಂದಿನವು ಸುಮ್ಮನೆ ಉರುಳಿಕೊಂಡು ಬರುತ್ತವೆ. ಕೆಸರು, ದಿಣ್ಣೆ ಬಂದಾಗ ಮುಂದಿನವಕ್ಕೂ ಕೆಲಸ ಕೊಡಬೇಕು. ಈಗಿನ ಗಾಡಿಗಳಲ್ಲಿ ಒಂದು ಬಟನ್ನು ಒತ್ತಿದರೆ ಆಯಿತಂತೆ. ಇದು ಹಳೇ ಜೀಪು. ಗಾಡಿ ನಿಲ್ಲಿಸಿ, ಕೆಳಗಿಳಿದು, ಮುಂದಿನ ಒಂದೊಂದು ಚಕ್ರದ ನಟ್ಟನಡುವೆ ಇರುವ ಬಿರಡೆಯನ್ನು ಕೈಯಲ್ಲಿ ತಿರುಗಿಸಿ ಬಿಗಿ ಮಾಡಬೇಕು. ಆಮೇಲೆ ಹತ್ತಿ ಕೂತು, ದೊಡ್ಡ ಗೇರಿನ ಪಕ್ಕದ ಚಿಕ್ಕ ಗೇರನ್ನು ಎಳೆಯಬೇಕು. ಕೆಲಸ ಮುಗಿದ ಮೇಲೆ ಇದೇ ಪೂಜೆ ಉಲ್ಟಾ. ಬಲಗಡೆ ಚಕ್ರದ ಬಿರಡೆ ಮಾವನ ಪಾಲಿಗೆ, ಎಡಗಡೆಯದು ಅತ್ತೆಯ ಪಾಲಿಗೆ, ಚಿಕ್ಕ ಗೇರು ಮಾತ್ರ ಅತ್ತೆಯೊಬ್ಬಳದೇ.

ಆ ಚಿಕ್ಕ ಗೇರಿನ ಗುಂಡು ನೋಡಬೇಕು ನೀವು! ಕಂಪನಿಯ ಗುಂಡು ಒಡೆದುಹೋದಾಗ ಮಾವ ಚನ್ನಪಟ್ಟಣಕ್ಕೆ ಹೋಗಿ, ಬೊಂಬೆ ಮಾಡುವವರ ಹತ್ತಿರ ಕೂತು, ಕೆಂಪು ಹಳದಿ ಪಟ್ಟೆಯ ಅರಗಿನ ಬಣ್ಣದ ಮರದ ಗುಂಡೊಂದನ್ನು ಕಡೆಸಿಕೊಂಡು ಬಂದರು. ತಾವು ಹಿಡಿಯುವ ದೊಡ್ಡ ಗೇರಿಗೆ ಹಳೇ ಪಂಚೆಯ ಚೂರು ಸುತ್ತಿದ್ದಾರೆ, ಅಷ್ಟೆ.

ಇನ್ನು ಭಾಷೆ. ಎತ್ತನ್ನು ನೊಗಕ್ಕೆ ಕಟ್ಟುವುದಕ್ಕೆ ಹೂಡುವುದು ಎನ್ನುತ್ತಾರಲ್ಲ, ಕೆಲಸವಾದ ಮೇಲೆ ಬಿಡುವುದು. ಮಾವನ ಮಟ್ಟಿಗೆ ಮುಂದಿನ ಚಕ್ರಗಳೂ ಒಂದು ಜೊತೆ ಎತ್ತೇ. ಅದಕ್ಕೇ ನಾಲ್ಕು ಚಕ್ರ ಬೇಕಾದಾಗ “ಊಡು!” ಎಂದು ಕೂಗುತ್ತಾರೆ, ಸಾಕಾದಾಗ “ಬುಡು!” ಊಡುವಿನದು ಏನೂ ತಕರಾರಿಲ್ಲ. ತಕರಾರೆಲ್ಲ ಬುಡುವಿನದು. ಗಾಡಿ ಬುಡು ಎಂದರೆ ಹೊರಡು. ಕೈ ಬುಡು ಎಂದರೆ ಹಿಡಿದದ್ದನ್ನು ಬಿಡು. ಓಗ್ಲಿ ಬುಡು ಎಂದರೆ ತಲೆ ಕೆಡಿಸಿಕೊಳ್ಳಬೇಡ. ಇಷ್ಟೆಲ್ಲ ಅರ್ಥವಿರುವ ಮಾತನ್ನು ಮಾವ ಹಿಂದುಮುಂದಿಲ್ಲದೆ ಒಂದೇ ಉಸಿರಿಗೆ ಎಸೆಯುತ್ತಾರೆ. ಯಾವ ಬುಡು ಎಂದು ತಿಳಿಯುವುದು ಅತ್ತೆಯೊಬ್ಬಳಿಗೇ!

ಮಾವನಷ್ಟು ಗಾಬರಿಯ ಮನುಷ್ಯರನ್ನು ನಾನು ಕಂಡಿಲ್ಲ. ನಾನೇ ಹುಟ್ಟಾ ಗಾಬರಿಯವಳು, ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ವಾಪಸ್ಸು ಬರುವವಳು. ನನ್ನ ಗಾಬರಿ ಮಾವನ ಗಾಬರಿಯ ಮುಂದೆ ಕೂಸು. ಯಾರೋ ಎಳನೀರು ಕುಡಿದು ರಸ್ತೆಗೆ ಒಂದು ಗುಟುಕು ಚೆಲ್ಲಿದ್ದರೂ ಸಾಕು, “ಅಮ್ಮೀ, ಜಾರ್ತದೆ, ಊಡು!” ಹೂಡಿದ ಮೇಲಾದರೂ ನೆಮ್ಮದಿಯೇ? ಇಲ್ಲ! ಗಟ್ಟಿ ಟಾರು ರಸ್ತೆಯಲ್ಲಿ ಹೂಡಿಕೊಂಡೇ ಓಡಿಸಿದರೆ ಮುಂದಿನ ಚಕ್ರ ಹಿಂದಿನ ಚಕ್ರ ಒಂದನ್ನೊಂದು ಜಗ್ಗಾಡಿ ಚಿಕ್ಕ ಗೇರು ಬಿಗಿದುಕೊಳ್ಳುತ್ತದೆ. ಹಾಗಾಗಿ ಕೆಸರು ದಾಟಿದ ಮರುಗಳಿಗೆಯಿಂದ ಎರಡನೇ ಗಾಬರಿ ಶುರು.

“ಬುಟ್ಟೀಯೇನಮ್ಮಿ?”

“ಬುಟ್ಟಿವ್ನಿ ಕಣಿ.”

“ನಿಜ್ವಾಗ್ಲೂ ಬುಟ್ಟೀಯಾ?”

“ನಿಮ್ಮಾಣೆ ಬುಟ್ಟಿವ್ನಿ.”

“ನನ್ನಾಣೆ ಬ್ಯಾಡ ಕಣಮ್ಮಿ, ನಾನ್ ಗಾಡಿ ಓಡುಸ್ತಾ ಇವ್ನಿ. ಬ್ಯಾರೆ ಯಾರ್ದಾದ್ರೂ ಆಣೆ ಇಕ್ಕು!”

ಹೀಗೆ ಕನಕಪುರದಿಂದ ರಾಮನಗರಕ್ಕೆ ಬರುವಷ್ಟರಲ್ಲಿ ಅತ್ತೆ ತವರಿನವರ ಮೇಲೆಲ್ಲ ಆಣೆ ಇಟ್ಟು ಮುಗಿಸಿರುತ್ತಾಳೆ. ನಾವೆಲ್ಲ ಇನ್ನೂ ಬದುಕಿರುವುದು ಅವಳು ಪ್ರತಿಸಲವೂ ನಿಜವಾಗಿ ಬಿಟ್ಟಿದ್ದರಿಂದಲೇ. ಆದರೂ ಮಾವನಿಗೆ ಸಮಾಧಾನವಿಲ್ಲ. ಗಾಡಿ ಪಕ್ಕಕ್ಕೆ ಹಾಕಿ, ಇಳಿದು, ಎಡಗಡೆ ಚಕ್ರದ ಬಿರಡೆಯನ್ನು ಮುಟ್ಟಿ, ಅಲ್ಲಾಡಿಸಿ, ಕಣ್ಣಿಗೊತ್ತಿಕೊಂಡು ಬಂದು ಹತ್ತುತ್ತಾರೆ.

ನನ್ನ ಮದುವೆಯ ಕಥೆ ಕೇಳಿ. ಕನಕಪುರದ ಒಂದು ಕಲ್ಯಾಣಮಂಟಪ. ಬೆಳಿಗ್ಗೆ ಅಂಗಳ ತೊಳೆದು ರಂಗೋಲಿ ಬಿಟ್ಟಿದ್ದರು. ಸಿಮೆಂಟು ನೆಲ, ಒಸಿ ತೇವ. ಗೇಟಿನ ಬಾಯಲ್ಲಿ ಮಾವ ಜೀಪು ನಿಲ್ಲಿಸಿ, ಅಂಗಳವನ್ನು ಯುದ್ಧಭೂಮಿ ನೋಡುವ ಹಾಗೆ ನೋಡಿ, “ಊಡು” ಅಂದರು. ರೇಷ್ಮೆ ಸೀರೆ ಉಟ್ಟಿದ್ದ ಅತ್ತೆ ಕೆಳಗಿಳಿದು, ನೆರಿಗೆ ಎತ್ತಿ ಸಿಕ್ಕಿಸಿ, ಬಿರಡೆ ತಿರುಗಿಸಿ ಹತ್ತಿದಳು. ಜೀಪು ಒಳಗೆ ಬಂದು ಒಂದು ತಿರುವು ತಗೊಂಡಿತೋ ಇಲ್ಲವೋ, ಕಿರ್ರೋ ಎಂದು ಕಿರುಚಿ, ಕುಪ್ಪಳಿಸಿ, ಬಾಗಿಲಿಗೆ ಅಡ್ಡವಾಗಿ ನಿಂತುಬಿಟ್ಟಿತು. ಚಿಕ್ಕ ಗೇರು ಬಿಗಿದುಕೊಂಡಿತ್ತು. ಅಷ್ಟು ಹೊತ್ತಿಗೆ ಸರಿಯಾಗಿ ಹಿಂದಿನಿಂದ ಗಂಡಿನ ಕಡೆಯ ಬಸ್ಸು ಬಂತು!

“ಬುಡು! ಬುಡು!” ಮಾವನ ಕೂಗು ಅಡುಗೆಮನೆಯವರೆಗೂ ಕೇಳಿತು.

ಬುಡು ಎಂದರೆ ಹೊರಡು ಎಂದುಕೊಂಡ ಬಸ್ಸಿನ ಡ್ರೈವರು ಬಸ್ಸನ್ನು ಮುಂದಕ್ಕೆ ಬಿಟ್ಟು, ಜೀಪಿನ ಬೆನ್ನಿಗೆ ತಾಗಿಸುವಷ್ಟು ಹತ್ತಿರ ತಂದು ನಿಲ್ಲಿಸಿದ. ಕಿಟಕಿಯಿಂದ ತಲೆ ಹೊರಹಾಕಿದ ಗಂಡಿನ ದೊಡ್ಡಪ್ಪ ಕೆಂಪಗಾಗಿ ಕೇಳಿದರು, “ಏನ್ರೀ ಬುಡೋದು? ಮದ್ವೆನಾ?”

ಒಳಗೆ ಹಸೆಮಣೆಗೆ ಸಿದ್ಧವಾಗುತ್ತಿದ್ದ ನನ್ನ ಎದೆ ಧಸಕ್ಕೆಂದಿತು. ಅಮ್ಮ ಗೋಡೆಗೆ ಒರಗಿ ಕೂತೇಬಿಟ್ಟಳು. ಅತ್ತೆ ಮಾತ್ರ ಕಿಂಚಿತ್ತೂ ಅಲುಗಲಿಲ್ಲವಂತೆ. “ಬಿಗ್ದೋಗಿರೋದ್ನ ಎಳುದ್ರೆ ಬತ್ತದಾ? ಒಸಿ ಇಂದಕ್ ಬನ್ನಿ, ತಾನೇ ಬುಡ್ತದೆ” ಅಂದಳು. ಜೀಪು ಹಿಂದಕ್ಕೆ ಬರಬೇಕಾದರೆ ಬಸ್ಸು ಹಿಂದಕ್ಕೆ ಹೋಗಬೇಕು. ಹೀಗೆ ಗಂಡಿನ ಕಡೆಯವರು ಮದುವೆ ಮನೆಯಿಂದ ಒಂದು ಬಸ್ಸುದ್ದ ಹಿಂದಕ್ಕೆ ಹೋದರು! ಜೀಪು ನಾಲ್ಕು ಮಾರು ಹಿಂದೆ ಸರಿಯಿತು, ಗೇರು ಕಟಕ್ಕೆಂದು ಕಳಚಿಕೊಂಡಿತು, ಮದುವೆಯೂ ನಡೆಯಿತು. ಅವತ್ತು ನಮ್ಮ ಯಜಮಾನರು ಅಗ್ನಿಸಾಕ್ಷಿಯಾಗಿ ಎರಡು ಪ್ರತಿಜ್ಞೆ ಮಾಡಿದರು. ನನ್ನ ಕೈ ಬಿಡುವುದಿಲ್ಲ ಎನ್ನುವುದು ಒಂದು, ಈ ಜನ್ಮದಲ್ಲಿ ಆ ಜೀಪು ಹತ್ತುವುದಿಲ್ಲ ಎನ್ನುವುದು ಇನ್ನೊಂದು. ಎರಡನ್ನೂ ಇವತ್ತಿನವರೆಗೂ ಉಳಿಸಿಕೊಂಡಿದ್ದಾರೆ.

ಇದಕ್ಕಿಂತ ಹಳೆಯದು ಅತ್ತೆಯ ಹೆರಿಗೆಯ ಕಾಲದ ಕಥೆ. ನಾನಿನ್ನೂ ಹುಟ್ಟಿರಲಿಲ್ಲ, ಅಪ್ಪ ಹೇಳಿ ಹೇಳಿ ನಕ್ಕಿದ್ದು. ಅತ್ತೆ ಕೈಲಾಂಚದ ನಮ್ಮ ಮನೆಗೆ, ಅಂದರೆ ಅವಳ ತವರಿಗೆ, ಹೆರಿಗೆಗೆ ಬಂದಳು. ಆ ಅಷ್ಟೂ ತಿಂಗಳು ಮಾವ ಜೀಪನ್ನು ದಿಣ್ಣೆಯ ಬುಡದಲ್ಲಿ, ಹುಣಸೆಮರದ ಕೆಳಗೆ ನಿಲ್ಲಿಸಿ, ಗೊಬ್ಬರದ ಚೀಲ, ಹಿಂಡಿಯ ಮೂಟೆ, ಸೀಮೆಎಣ್ಣೆ ಡಬ್ಬ ಎಲ್ಲವನ್ನೂ ಹೆಗಲ ಮೇಲೆ ಹೊತ್ತು ದಿಣ್ಣೆ ಹತ್ತಿದರಂತೆ! ಊರವರು ಬಿಡುತ್ತಾರೆಯೇ?

“ಯಾಕ್ಲಾ, ಗಾಡಿ ಕೆಟ್ಟೋಗೈತಾ?”

“ಗಾಡಿ ಸಂದಾಗೈತೆ ಕಣ್ಲಾ. ಅವ್ಳಿಲ್ವಲ್ಲ!”

“ಯಾಕೆ, ಅವ್ಳು ಗಾಡೀನ ಒತ್ಕಂಡು ಅತ್ತುಸ್ತಿದ್ಲಾ?”

“ಚಿಕ್ ಗೇರು ನಂಗ್ ಬರಾಕಿಲ್ಲ ಕಣ್ಲಾ. ಅದು ಅವ್ಳ ಕೈಗೇ ಒಗ್ಗೋಗೈತೆ.”

ಅವತ್ತಿನಿಂದ ಮಾವನಿಗೆ ಅರ್ಧ ಡ್ರೈವರ್ ಎಂದು ಹೆಸರಾಯಿತು. ಯಾರಾದರೂ ಹಾಗೆ ಕರೆದರೆ ಸಿಟ್ಟು ಮಾಡಿಕೊಳ್ಳುತ್ತಿರಲಿಲ್ಲ, ಹಲ್ಲು ಬಿಟ್ಟು ನಗುತ್ತಿದ್ದರು. ಇಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿದರೂ ಒಂದು ಕಡ್ಡಿ ಎಳೆಯುವುದನ್ನು ಕಲಿಯದ ಮನುಷ್ಯ ಎಂಥ ದಡ್ಡ ಇರಬೇಕು ಎಂದು ನಾನೂ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಹೋದ ಮಳೆಗಾಲದಲ್ಲಿ ಅತ್ತೆಗೆ ರಾಮನಗರದಲ್ಲಿ ಮಂಡಿಯ ಆಪರೇಷನ್ ಆಯಿತು. ಮಂಡಿ ಸವೆದುಹೋಗಿತ್ತು. ವಯಸ್ಸಾದ ಮೇಲೆ ಸವೆಯುತ್ತದೆ ಎಂದು ಡಾಕ್ಟರು ಎಷ್ಟು ಹೇಳಿದರೂ ಮಾವ ಒಪ್ಪಲಿಲ್ಲ. “ನಾನೇ ಇಳ್ಸಿ ಅತ್ಸಿ, ಇಳ್ಸಿ ಅತ್ಸಿ ಸವ್ಸ್‌ಬುಟ್ಟೆ ಸಾರ್” ಎಂದು ಡಾಕ್ಟರ ಮುಂದೆ ಅಪರಾಧಿಯ ಹಾಗೆ ನಿಂತುಕೊಂಡರು. ಬಿರಡೆ ತಿರುಗಿಸುವ ವಿಷಯ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ಅವರು ಗಾಬರಿಯಾಗಿ ನನ್ನ ಮುಖ ನೋಡಿದರು.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಅತ್ತೆ ಕೆಲವು ದಿನ ರಾಮನಗರದ ನಮ್ಮ ಮನೆಯಲ್ಲೇ ಇದ್ದಳು. ಆಮೇಲೆ ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, “ನಾನ್ ಮನೆಗ್ ಓಯ್ತೀನಿ” ಅಂದಳು. ಹೇಳಿದ ಮೇಲೆ ಮುಗಿಯಿತು, ನಮ್ಮ ವಂಶದ ಹಟ ಅದು. ಕಾಲು ಎಲ್ಲೂ ಕುಕ್ಕಬಾರದು, ಬಿದ್ದರಂತೂ ಮತ್ತೆ ಕತ್ತರಿ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಹೊರಗೆ ಮೋಡ ಕವಿದಿತ್ತು. ಆ ದಿಣ್ಣೆಯ ಕೆಮ್ಮಣ್ಣು ನೆನಪಾಯಿತು.

“ಬಾಡಿಗೆ ಕಾರಲ್ಲಿ ದಿಣ್ಣೆ ತನಕ ಹೋಗೋಣ ಅತ್ತೆ. ಅಲ್ಲಿಂದ ಕುರ್ಚಿ ಮೇಲೆ ಕೂರಿಸಿಕೊಂಡು ನಾಲ್ಕು ಜನ ಎತ್ತಿಕೊಂಡು ಹೋಗ್ತಾರೆ” ಅಂದೆ.

“ನಾಕ್ ಜನ ಎತ್ಕಂಡ್ ಓಗಾಕೆ ನಾನೇನ್ ಸತ್ತಿವ್ನಾ?” ಅಂದಳು ಅತ್ತೆ.

ಜೀಪೇ ಗತಿಯಾಯಿತು. ಆದರೆ ಅತ್ತೆ ಹಿಂದಿನ ಬೆಂಚಿನ ಮೇಲೆ ಕಾಲು ಚಾಚಿಕೊಂಡು ಬರಬೇಕು. ಹಾಗಾದರೆ ಚಿಕ್ಕ ಗೇರು ಯಾರು ಹಿಡಿಯುವುದು? ಅವರ ಮಗಳು ಮಾಗಡಿಯಲ್ಲಿದ್ದಾಳೆ, ಅವಳ ಮಗುವಿಗೆ ಜ್ವರ. ನಮ್ಮ ಯಜಮಾನರದು ಪ್ರತಿಜ್ಞೆ. ಉಳಿದವಳು ಸ್ಕೂಟರೊಂದು ಬಿಟ್ಟರೆ ಬೇರೇನೂ ಗೊತ್ತಿಲ್ಲದ ನಾನು!

“ಮಾವ, ನೀವೇ ಹೇಳಿಕೊಡಿ” ಅಂದೆ.

“ನಂಗೇನ್ ಗೊತ್ತು ಮಗ, ಅದು ನಿಮ್ಮತ್ತೆ ಇಲಾಖೆ” ಎಂದು ಮಾವ ಎದ್ದು ಹೊರಗೆ ಹೋದರು.

ಅತ್ತೆ ಸೋಫಾದ ಮೇಲೆ ಕಾಲು ಚಾಚಿ ಕೂತು, ಲಟ್ಟಣಿಗೆ ತರಿಸಿಕೊಂಡು, ಅದನ್ನು ನೆಟ್ಟಗೆ ಹಿಡಿದು ಪಾಠ ಶುರುಮಾಡಿದಳು. “ನೋಡಮ್ಮಿ, ಇಲ್ಲಿ ಮುಂದ್ಕಿದ್ರೆ ಎಲ್ಡು ಚಕ್ರ. ಒಸಿ ಎಳುದ್ರೆ ನಾಕು ಚಕ್ರ. ಕಟ್ಟಕಡೇಗ್ ಎಳುದ್ರೆ ದಿಣ್ಣೆದು, ನಾಕೂ ಚಕ್ರ ಎಮ್ಮೆ ನಡ್ದಂಗೆ ಮೆತ್ಗೆ, ಆದ್ರೆ ಬಿಗ್ಯಾಗಿ ನಡೀತವೆ. ಇವೆಲ್ಡರ ಮಧ್ಯ ಒಂದ್ ತಾವ ಏನೂ ಇಲ್ಲ, ಖಾಲಿ. ಅಲ್ಲಿ ಮಾತ್ರ ನಿಲ್ಲುಸ್ಬ್ಯಾಡ. ಅಲ್ಲಿ ನಿಂತ್ರೆ ಗಾಡಿಗೆ ಎತ್ತೇ ಕಟ್ಟಿಲ್ದಂಗೆ, ದಿಣ್ಣೆ ಮ್ಯಾಲಿಂದ ಸುಮ್ಕೆ ಉರುಳ್ಕಂಡ್ ಓಯ್ತದೆ.”

ಆ ಖಾಲಿ ಜಾಗ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಲಟ್ಟಣಿಗೆ ನೋಡಿದಾಗಲೆಲ್ಲ ಬೆವರು. ಸಂಜೆ ಮನೆ ಮುಂದೆ ನಿಂತ ಜೀಪಿನಲ್ಲೇ ಅಭ್ಯಾಸ ಮಾಡಿದೆ. ನಾನು ಎಳೆದರೆ ಗೇರು ಟಣಾರ್ ಎಂದು ಬೀದಿಗೆಲ್ಲ ಕೇಳುವ ಹಾಗೆ ಬೀಳುತ್ತಿತ್ತು. ಒಳಗಿನಿಂದ ಅತ್ತೆ, “ಪಾತ್ರೆ ಬೀಳುಸ್ದ್ಯಾ?” ಎಂದು ನಗುತ್ತಿದ್ದಳು.

ಮಾರನೇ ದಿನ ಊಟ ಮಾಡಿ ಹೊರಟೆವು. ನಾಲ್ಕು ದಿಂಬು, ಎರಡು ಕಂಬಳಿ, ಅವುಗಳ ನಡುವೆ ಅತ್ತೆ. ಮಾವ ರಸ್ತೆ ನೋಡಿದ್ದಕ್ಕಿಂತ ಹಿಂದಿನ ಬೆಂಚು ನೋಡಿದ್ದೇ ಹೆಚ್ಚು. ನಾನು ಚನ್ನಪಟ್ಟಣದ ಗುಂಡನ್ನು ಎರಡು ಕೈಯಲ್ಲೂ ಹಿಡಿದು ಕೂತಿದ್ದೆ. ಗುಂಡಿನ ಎಡಮೈಯಲ್ಲಿ ಅತ್ತೆಯ ಅಂಗೈ ಉಜ್ಜಿ ಉಜ್ಜಿ ಬಣ್ಣ ಹೋಗಿ ಮರ ಕಾಣುತ್ತಿತ್ತು. ಅದರ ಕೆಳಗಿನ ಕಬ್ಬಿಣದ ಕಡ್ಡಿಯೂ ಒಂದು ಕಡೆ ಫಳಫಳ ಹೊಳೆಯುತ್ತಿತ್ತು. ಗುಂಡಿರುವಾಗ ಕಡ್ಡಿಯನ್ನು ಯಾರು ಹಿಡಿಯುತ್ತಾರೆ ಎಂದು ಅಂದುಕೊಂಡೆ, ಅಷ್ಟರಲ್ಲಿ ಎದುರಿಗೆ ಲಾರಿ ಬಂದು ಆ ಯೋಚನೆ ಮರೆತೇಹೋಯಿತು.

ಕನಕಪುರ ದಾಟಿದ ಮೇಲೆ ಮಾವ ಅಭ್ಯಾಸಬಲದಿಂದ ಕೇಳಿದರು. “ಬುಟ್ಟೀಯೇನಮ್ಮಿ?”

“ಬುಟ್ಟಿವ್ನಿ ಕಣಿ” ಎಂದು ಹಿಂದಿನಿಂದ ಅತ್ತೆ ಹೇಳಿಬಿಟ್ಟಳು.

ಹೇಳಿದ ಮೇಲೆ ಇಬ್ಬರಿಗೂ ನೆನಪಾಯಿತು. ಮುಂದಿನ ಸೀಟಿನಲ್ಲಿ ಕೂತಿರುವುದು ನಾನು. ಮಾವ ನನ್ನ ಕಡೆ ತಿರುಗಿ, ಮತ್ತೆ ರಸ್ತೆಯ ಕಡೆ ನೋಡಿದರು.

ದಿಣ್ಣೆಯ ಬುಡಕ್ಕೆ ಬರುವುದಕ್ಕೂ ಹನಿ ಶುರುವಾಗುವುದಕ್ಕೂ ಸರಿಹೋಯಿತು! ಕೆಮ್ಮಣ್ಣು ಆಗಲೇ ಮಿರಮಿರ ಮಿಂಚುತ್ತಿತ್ತು. ನಾನು ಇಳಿದು ಎಡಗಡೆ ಬಿರಡೆ ಬಿಗಿ ಮಾಡಿದೆ, ಮಾವ ಬಂದು ಅದನ್ನು ಮೂರು ಸಲ ಮುಟ್ಟಿ ನೋಡಿದರು. ಹತ್ತಿ ಕೂತು ಕ್ಲಚ್ಚು ಒತ್ತಿ “ಊಡು” ಅಂದರು. ಕಣ್ಣುಮುಚ್ಚಿ ಕಟ್ಟಕಡೆಗೆ ಎಳೆದೆ. ಟಣಾರ್!

“ಬಿತ್ತು” ಅಂದಳು ಅತ್ತೆ ಹಿಂದಿನಿಂದ.

ಜೀಪು ಎಮ್ಮೆಯ ಹಾಗೆ ಹೆಜ್ಜೆ ಹಾಕತೊಡಗಿತು. ಮೊದಲನೇ ತಿರುವು ಹತ್ತಿತು, ಎರಡನೆಯದೂ ಹತ್ತಿತು. ಒಂದು ಕಡೆ ಬರೀ ಇಳಿಜಾರು ತೋಟ, ಇನ್ನೊಂದು ಕಡೆ ಮಳೆನೀರು ಕೊರೆದ ಕೊರಕಲು. ನಡುದಿಣ್ಣೆಯಲ್ಲಿ ಒಂದು ಉಬ್ಬಿದ ಬಂಡೆ ಇದೆ. ಅದರ ಮೇಲೆ ಹತ್ತುವಾಗ ಗಾಡಿ ಕುಕ್ಕದೆ ಇರಲಿ ಎಂದು ಮಾವ ಬ್ರೇಕು ಹಿಡಿದು, ಕ್ಲಚ್ಚು ಒತ್ತಿ, ಒಂದು ಗಳಿಗೆ ನಿಂತರು. ನಾನು ಗುಂಡನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ. ಹಿಡಿದ ರಭಸಕ್ಕೆ ನನ್ನ ಬೆರಳುಗಳೆಲ್ಲ ಬಿಳಿಚಿಕೊಂಡಿದ್ದವು. ಅದು ಮಾವನ ಕಣ್ಣಿಗೆ ಬಿತ್ತು.

“ಬುಡು ಮಗ” ಅಂದರು.

ನೀವೇ ಹೇಳಿ, ನಾನೇನು ಮಾಡಬೇಕಿತ್ತು? ಇಡೀ ಜನ್ಮದಲ್ಲಿ ಆ ಜೀಪಿನೊಳಗೆ ಬುಡು ಎಂದರೆ ಒಂದೇ ಅರ್ಥ ಕೇಳಿದವಳು ನಾನು! ಹೂಡಿದ್ದನ್ನು ಬಿಟ್ಟೆ. ಗುಂಡನ್ನು ಮುಂದಕ್ಕೆ ತಳ್ಳಿದೆ. ಅದು ಅರ್ಧಕ್ಕೆ ಹೋಗಿ, ಮೆತ್ತಗೆ, ಆ ಖಾಲಿ ಜಾಗದಲ್ಲಿ ನಿಂತಿತು.

ಮಾವ ಬ್ರೇಕು ಬಿಟ್ಟು ಕ್ಲಚ್ಚು ಸಡಿಲಿಸಿದರು. ಎಂಜಿನ್ನು ಗುರ್ರೆಂದಿತು, ಜೀಪು ಮಾತ್ರ ಮುಂದಕ್ಕೆ ಹೋಗಲಿಲ್ಲ. ಹಿಂದಕ್ಕೆ ಹೊರಟಿತು. ಮಾವ ಬ್ರೇಕು ಒತ್ತಿದರು, ಚಕ್ರ ನಿಂತಿತು, ಆದರೆ ಮಣ್ಣು ನಿಲ್ಲಲಿಲ್ಲ. ನಿಂತ ಚಕ್ರಗಳ ಮೇಲೇ ಜೀಪು ಕೊರಕಲಿನ ಕಡೆಗೆ ಜಾರತೊಡಗಿತು. “ಅಯ್ಯೋ ಅತ್ತೆ! ಅತ್ತೆ ಕಾಲು!” ಎಂದು ನಾನು ಕಿರುಚಿದೆ. ಹಿಂದಿನಿಂದ ಒಂದು ಸದ್ದೂ ಇಲ್ಲ. ನನಗೆ ಜೀವವೇ ಹೋಯಿತು. ಕಲ್ಲೊಂದಕ್ಕೆ ಹಿಂದಿನ ಚಕ್ರ ತಾಗಿ ಗಾಡಿ ಒಂದು ಉಸಿರಿನಷ್ಟು ಹೊತ್ತು ನಿಂತಿತು.

ಆ ಒಂದು ಉಸಿರಿನಲ್ಲಿ ಮಾವನ ಎಡಗೈ ಬಂತು. ಗುಂಡಿನ ಮೇಲೆ ನನ್ನ ಕೈ ಇತ್ತಲ್ಲ, ಅದರ ಕೆಳಗೆ, ಆ ಹೊಳೆಯುವ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿಯಿತು. ಮಾವ ಗೇರಿನ ಕಡೆ ನೋಡಲೂ ಇಲ್ಲ. ಹಾಲು ಕರೆಯುವಾಗ ಹಸುವಿನ ಕೆಚ್ಚಲು ಮುಟ್ಟಿದ ಹಾಗೆ ಮೆತ್ತಗೆ ಎಳೆದರು. ಟಣಾರ್ ಇಲ್ಲ, ಕಟಕ್ ಇಲ್ಲ. ನಾಲ್ಕೂ ಚಕ್ರ ನೆಲವನ್ನು ಕಚ್ಚಿಕೊಂಡವು, ಜೀಪು ಬಂಡೆಯನ್ನು ಹತ್ತಿ ಮೇಲಕ್ಕೆ ಹೊರಟಿತು.

ನಾನು ಮಾವನನ್ನೇ ನೋಡಿದೆ. ಮಾವ ನನ್ನನ್ನು ನೋಡಿದರು. ಊರಿಗೆಲ್ಲ ಅರ್ಧ ಡ್ರೈವರ್ ಆದ ಈ ಮನುಷ್ಯ ಆಗ ತಿಂಗಳುಗಟ್ಟಲೆ ಮೂಟೆ ಹೊತ್ತು ಸತ್ತರಲ್ಲ, ಯಾಕೆ?

“ಊಡ್ದ್ಯಾ ಅಮ್ಮೀ?” ಹಿಂದಿನಿಂದ ಅತ್ತೆಯ ದನಿ. ಪುಣ್ಯಕ್ಕೆ ದಿಂಬುಗಳೆಲ್ಲ ಇದ್ದಲ್ಲೇ ಇದ್ದವು, ಕಾಲೂ ಇದ್ದಲ್ಲೇ ಇತ್ತು.

ಮಾವನ ಕಣ್ಣುಗಳು ನನ್ನನ್ನು ಬೇಡಿಕೊಳ್ಳುತ್ತಿದ್ದವು. ಆ ಮುಖದಲ್ಲಿ ಗಾಬರಿ ಎಷ್ಟೋ ಸಲ ನೋಡಿದ್ದೇನೆ, ಅಂಥ ಗಾಬರಿ ನೋಡಿರಲಿಲ್ಲ. ಜಾರುವಾಗಲೂ ಇರಲಿಲ್ಲ ಅದು.

“ಹ್ಞೂ ಅತ್ತೆ, ಊಡ್ದೆ” ಅಂದೆ.

“ಸೈ ಕಣಮ್ಮಿ” ಅಂದಳು ಅತ್ತೆ.

ಮನೆಯ ಜಗಲಿಗೆ ಹಿಂಬದಿ ತಾಗುವ ಹಾಗೆ ಮಾವ ಜೀಪು ನಿಲ್ಲಿಸಿದರು. ಅತ್ತೆ ಮೆಟ್ಟಿಲು ಹತ್ತುವ ಕೆಲಸವಿಲ್ಲದೆ ನೇರವಾಗಿ ಜಗಲಿಗೆ ಕಾಲಿಟ್ಟು, ವಾಕರ್ ಹಿಡಿದು ಒಳಗೆ ಹೋದಳು. ಅವಳನ್ನು ಮಲಗಿಸಿ ಹೊರಗೆ ಬಂದರೆ ಮಾವ ಮಳೆಯಲ್ಲೇ ಜೀಪಿನ ಪಕ್ಕ ನಿಂತಿದ್ದರು.

“ನಿಮಗೆ ಬರುತ್ತಲ್ಲ ಮಾವ!” ಅಂದೆ. ಸ್ವಲ್ಪ ಜೋರಾಗೇ ಅಂದೆ.

“ಮೆತ್ಗೆ ಮಗ, ಮೆತ್ಗೆ” ಎಂದು ಮಾವ ಬಾಗಿಲ ಕಡೆ ನೋಡಿದರು. ಆಮೇಲೆ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿ ಹೇಳಿದರು. “ಆಗ ನಮ್ಮವ್ವ ಇದ್ಲಲ್ಲ, ಭಾರಿ ಕಟ್ಟುನಿಟ್ಟು. ಸೊಸೆ ಗಂಡನ್ ಪಕ್ಕ ಕೂರಂಗಿಲ್ಲ. ಮುಂದ್ಗಡೆ ಅವ್ವ, ಇಂದ್ಗಡೆ ಹಿಂಡಿ ಮೂಟೆ ಜೊತೆ ಇವ್ಳು. ಒಸಾದಾಗಿ ಮದ್ವೆ ಆಗಿದ್ದೋಳು, ಆ ಮೂಟೆ ಮಧ್ಯ ಕುಲುಕ್ಕಂಡ್ ಬರೋದು ನೋಡಿದ್ರೆ ನನ್ ಕಳ್ಳೇ ಚುರುಕ್ ಅನ್ನೋದು. ಬಾಯ್ಬುಟ್ಟು ಏಳಾಕಾದದಾ? ಒಂದಿನ ದಿಣ್ಣೆ ಬುಡ್ದಲ್ಲಿ ಗಾಡಿ ನಿಲ್ಸಿ, ಅವ್ವ, ಈ ಚಿಕ್ ಗೇರು ಈಗೀಗ ನನ್ ಕೈಲಿ ಬೀಳಾಕಿಲ್ಲ, ನಿನ್ ಸೊಸೆ ಒಬ್ಳು ಎಳುದ್ರೆ ಬೀಳ್ತದೆ ಅಂದೆ. ಅವ್ವ ಇಳ್ದು ಇಂದಕ್ ಓದ್ಲು.” ಅಷ್ಟು ಹೇಳಿ ಮಾವ ಜೀಪಿನ ಬಾನೆಟ್ಟಿನ ಮೇಲೆ ಕೈಯಾಡಿಸಿದರು. “ಅವ್ಳ್ಗೆ ಏಳ್ಬ್ಯಾಡ ಮಗ. ನನ್ ಕೈಲೇ ಆಯ್ತದೆ ಅಂತ ಗೊತ್ತಾದ್ರೆ ಇನ್ ಮ್ಯಾಲೆ ನನ್ ಜೊತೆ ಬರಾಕಿಲ್ಲ ಅಂದ್‌ಬುಟ್ಟಾಳು. ಮಂಡಿ ನೋವು ಬ್ಯಾರೆ.”

ಒಳಗೆ ಹೋಗಿ ಅತ್ತೆಯ ಮಂಡಿಯ ಕೆಳಗೆ ದಿಂಬು ಸರಿಮಾಡುತ್ತ ಕೂತೆ.

“ಯಾರಮ್ಮಿ ಊಡಿದ್ದು?” ಅಂದಳು ಅತ್ತೆ.

“ನಾನೇ.”

“ನೀನ್ ಊಡಿದ್ರೆ ಪಾತ್ರೆ ಬಿದ್ದಂಗ್ ಬೀಳ್ತದೆ. ನನ್ ಕೈಲೂ ಕಟಕ್ ಅಂತದೆ. ಇದು ಸದ್ದೇ ಮಾಡ್ನಿಲ್ಲ.” ಅತ್ತೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಎರ್ಗೆ ಮುಗ್ಸಿ ಮಗೀನ ಎತ್ಕಂಡು ಬಂದಾಗ್ಲೇ ನಮ್ಮತ್ತೆ ಏಳಿದ್ರು. ನಾನಿಲ್ದಾಗ ಒಂದಿನ ಬೆಳಿಗ್ಗೆ ಎದ್ದು ಅಂಗಳ್ದಲ್ಲಿ ಗಾಡಿ ಟೈರಿನ್ ಗುರ್ತು ನೋಡಿದ್ರಂತೆ, ಕೊಟ್ಟಿಗೇಲಿ ರಸಗೊಬ್ರ ಆಗ್ಲೇ ಇಳ್ಸಿತ್ತಂತೆ. ನಿನ್ ಗಂಡಂಗೆ ಎಲ್ಲಾ ಬತ್ತದೆ ಕಣಮ್ಮಿ, ಸುಮ್ಕಿರು, ನಂಗೂ ಮೊದ್ಲೇ ಗೊತ್ತು, ನೀನ್ ಮುಂದ್ಗಡೆ ಕೂತ್ಕೋ ಅಂದ್ರು.”

“ಇಷ್ಟು ವರ್ಷ ಗೊತ್ತಿದ್ದೂ ಮಾವನಿಗೆ ಯಾಕೆ ಹೇಳಲಿಲ್ಲ ಅತ್ತೆ? ಮಳೆಯಲ್ಲೆಲ್ಲ ಇಳಿದು ಹತ್ತಿ, ಇಳಿದು ಹತ್ತಿ…”

“ಏಳಿದ್ರೆ ಅವ್ರು ಯಾವ್ ಸುಳ್ ಏಳಿ ನನ್ನ ಪಕ್ಕ ಕೂರುಸ್ಕತಿದ್ರು? ಪಾಪ, ಇನ್ನೊಂದ್ ಸುಳ್ಳು ಹುಡುಕೋ ಅಷ್ಟು ಬುದ್ಧಿ ಇಲ್ಲ ಅವ್ರಿಗೆ. ಓಗ್ಲಿ ಬುಡು.”

ನನ್ನ ಕಣ್ಣು ತುಂಬಿ ಬಂತು. ಮೂರು ಜನ ಒಂದೇ ಸುಳ್ಳನ್ನು ಇಷ್ಟು ಕಾಲ ಜೋಪಾನ ಮಾಡಿದ್ದಾರೆ, ಅದರಲ್ಲಿ ಒಬ್ಬರು ಸತ್ತೂ ಹೋಗಿದ್ದಾರೆ. ಈಗ ನಾನೂ ಸೇರಿದೆ. ಮಂಡಿ ವಾಸಿಯಾಗಿ ಅತ್ತೆ ಮತ್ತೆ ಆ ಮುಂದಿನ ಸೀಟಿಗೆ ಹತ್ತಲಿ ಎಂದು ದೇವರನ್ನು ಬೇಡಿಕೊಂಡೆ.

ಅಷ್ಟರಲ್ಲಿ ಹೊರಗೆ ಮಳೆಯಲ್ಲಿ, ಜೀಪಿನ ಹತ್ತಿರದಿಂದ, ಎಂದಿನ ಗಾಬರಿಯಲ್ಲೇ ಮಾವನ ಕೂಗು ಕೇಳಿತು.

“ಬುಟ್ಟೀಯೇನಮ್ಮಿ?”

ಮಂಚದ ಮೇಲೆ ಕಾಲು ಚಾಚಿ ಮಲಗಿದ್ದ ಅತ್ತೆ ನನ್ನ ಕೈ ಅದುಮಿ, ಬಾಗಿಲ ಕಡೆ ಮುಖಮಾಡಿ ಕೂಗಿದಳು.

“ಬುಟ್ಟಿವ್ನಿ ಕಣಿ! ನೆನೀಬ್ಯಾಡಿ, ಒಳಿಕ್ ಬನ್ನಿ!”

ಹೊರಗೆ ಜೀಪು ಇನ್ನೂ ಹೂಡಿಕೊಂಡೇ ನಿಂತಿತ್ತು.